ಐದು ನಕ್ಷತ್ರ ಕೊಟ್ಟ ರೋಗಿ ಕಂಡದ್ದೇನು?

ಅಂಕೋಲಾದಿಂದಲೋ ಕಾಸರಗೋಡಿನಿಂದಲೋ ರೋಗಿಯನ್ನು ಕರೆದುಕೊಂಡು ಮಂಗಳೂರಿಗೆ ಹೊರಡುವ ಕುಟುಂಬ ಈಗ ಮೊದಲು ನೋಡುವುದು ಮೊಬೈಲಿನಲ್ಲಿ ಆಸ್ಪತ್ರೆಯ ಹೆಸರಿನ ಕೆಳಗಿರುವ ನಕ್ಷತ್ರಗಳನ್ನು. ಮಂಗಳೂರಿನವರಿಗೆ, ಉಡುಪಿಯವರಿಗೆ ಅದರ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಯಾವ ವೈದ್ಯರ ಕೈಗುಣ ಒಳ್ಳೆಯದು, ಯಾವ ವಾರ್ಡಿನ ಸಿಸ್ಟರ್‌ಗಳು ಕರೆದ ಕೂಡಲೇ ಬರುತ್ತಾರೆ, ಎಲ್ಲಿ ಬಿಲ್ಲು ಹೇಳಿದ್ದಕ್ಕಿಂತ ಏರುತ್ತದೆ ಎಂಬುದನ್ನು ಮದ್ದಿನಂಗಡಿಯಲ್ಲೋ ಗೃಹಪ್ರವೇಶದ ಊಟದ ಪಂಕ್ತಿಯಲ್ಲೋ ಕೇಳಿ ತಿಳಿದುಕೊಳ್ಳಬಹುದು. ಹೊರಗಿನಿಂದ ಬರುವವರಿಗೆ ಆ ಬಳಕೆ ಇಲ್ಲ. ಅವರ ಪಾಲಿಗೆ 4.7 ಎಂಬ ಅಂಕಿಯೇ ನೆರೆಮನೆಯವರ ಮಾತು.

ಆಯ್ಕೆಗೆ ಇಲ್ಲಿ ಬರವಿಲ್ಲ. ಮಂಗಳೂರಿನಲ್ಲಿ 1848ರಷ್ಟು ಹಳೆಯ ವೆನ್ಲಾಕ್ ಸರ್ಕಾರಿ ಆಸ್ಪತ್ರೆ ಇದೆ, 1880ರಲ್ಲಿ ಕಂಕನಾಡಿಯಲ್ಲಿ ಆರಂಭವಾದ ಫಾದರ್ ಮುಲ್ಲರ್ ಇದೆ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಕಟ್ಟಿದ ಮೇಲೆ ಈ ಪಟ್ಟಿ ಬೆಳೆಯುತ್ತಲೇ ಹೋಗಿ ದೇರಳಕಟ್ಟೆಯ ಗುಡ್ಡಗಳನ್ನೂ ತುಂಬಿದೆ. ಇಷ್ಟೊಂದು ಆಸ್ಪತ್ರೆಗಳಿರುವ ಕಡೆ ಜನ ಹೋಲಿಸಿ ನೋಡುವುದು ಸಹಜ. ಹಾಗಾದರೆ 4.7 ಇರುವ ಕಡೆ ಚಿಕಿತ್ಸೆ 4.1 ಇರುವ ಕಡೆಗಿಂತ ಉತ್ತಮವಾಗಿರುತ್ತದೆಯೆ?

ಈ ಬಗ್ಗೆ ವೈದ್ಯಲೋಕದಲ್ಲಿ ದಶಕಗಳಿಂದ ಅಧ್ಯಯನಗಳು ನಡೆದಿವೆ, ಮತ್ತು ಅವು ಒಂದಕ್ಕೊಂದು ವಿರುದ್ಧವಾಗಿ ಮಾತನಾಡುವಂತೆ ಕಾಣುತ್ತವೆ. ಓದುತ್ತಾ ಹೋದಂತೆ ನನಗೆ ಖಚಿತವಾದ ಸಂಗತಿ ಇದು: ರೋಗಿ ತನಗೆ ಏನಾಯಿತು ಎನ್ನುವುದಕ್ಕೆ ಎಲ್ಲರಿಗಿಂತ ಒಳ್ಳೆಯ ಸಾಕ್ಷಿ. ಆದರೆ ಆ ಸಾಕ್ಷಿಯನ್ನೇ ನ್ಯಾಯಾಧೀಶನ ಕುರ್ಚಿಯಲ್ಲಿ ಕೂರಿಸಿ ತೀರ್ಪು ಕೇಳುತ್ತಿದ್ದೇವೆ. ತಪ್ಪು ರೋಗಿಯದಲ್ಲ, ಕೇಳುವ ಪ್ರಶ್ನೆಯದು.

ಚಿಕಿತ್ಸೆಯ ಗುಣಮಟ್ಟ ಎಂದರೇನು ಎಂಬುದನ್ನು ಮೊದಲು ಕ್ರಮವಾಗಿ ಬಿಡಿಸಿಟ್ಟವರಲ್ಲಿ ಅವೆಡಿಸ್ ಡೊನಬೇಡಿಯನ್ ಎಂಬ ವೈದ್ಯರ ಹೆಸರು ದೊಡ್ಡದು. 1966ರ ತಮ್ಮ ಪ್ರಬಂಧದಲ್ಲಿ ಅವರು ಮೂರು ಕಡೆ ನೋಡಿ ಎಂದರು: ಆಸ್ಪತ್ರೆಯಲ್ಲಿ ಏನೇನು ಇದೆ, ಅಲ್ಲಿ ಏನೇನು ಮಾಡುತ್ತಾರೆ, ಕೊನೆಗೆ ರೋಗಿಗೆ ಏನಾಯಿತು. ಮುಂದೆ ಅವರು ವೈದ್ಯರ ಕೆಲಸದಲ್ಲೇ ಎರಡು ಎಳೆಗಳನ್ನು ಗುರುತಿಸಿದರು. ಒಂದು ತಾಂತ್ರಿಕ ಜಾಣ್ಮೆ, ಇನ್ನೊಂದು ಮನುಷ್ಯರ ನಡುವಿನ ನಡವಳಿಕೆ. ಎರಡನೆಯದನ್ನು ರೋಗಿ ನೇರವಾಗಿ ಕಾಣುತ್ತಾರೆ. ಮೊದಲನೆಯದರ ಬಹುಪಾಲು ಅವರ ಕಣ್ಣಿಗೆ ಬೀಳುವುದೇ ಇಲ್ಲ. ನಮ್ಮ ಊರಿನ ಮಳೆಗಾಲವನ್ನೇ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಜೂನ್ ಬಂತೆಂದರೆ ಮಂಗಳೂರಿನ ವಾರ್ಡುಗಳಲ್ಲಿ ಮಲೇರಿಯಾ, ಇಲಿಜ್ವರ, ಡೆಂಗಿ. 2019ರ ಮಳೆಗಾಲದಲ್ಲಿ ಡೆಂಗಿ ನಗರವನ್ನು ಎಷ್ಟು ಕಾಡಿತೆಂಬುದು ಇಲ್ಲಿಯವರಿಗೆ ನೆನಪಿದೆ. ಡೆಂಗಿ ಬಂದ ರೋಗಿಯೊಬ್ಬರು ಬೇರೆ ಬೇರೆ ಇಬ್ಬರು ವೈದ್ಯರ ಬಳಿ ಹೋದರು ಎಂದುಕೊಳ್ಳಿ. ಮೊದಲನೆಯವರು ನಗುನಗುತ್ತಾ ಮಾತನಾಡಿಸಿ, ಮೈಕೈ ನೋವಿಗೆ ಡೈಕ್ಲೋಫೆನಾಕ್ ಇಂಜೆಕ್ಷನ್ ಕೊಟ್ಟು, ಒಂದು ಗ್ಲೂಕೋಸ್ ಬಾಟಲಿ ಏರಿಸಿ, ಆಂಟಿಬಯಾಟಿಕ್ ಬರೆದು ಕಳಿಸುತ್ತಾರೆ. ಒಂದು ಗಂಟೆಯೊಳಗೆ ಜ್ವರ ಇಳಿಯುತ್ತದೆ, ನೋವು ತಗ್ಗುತ್ತದೆ. ಎರಡನೆಯವರು ಬರೀ ಪ್ಯಾರಸಿಟಮಾಲ್ ಬರೆದು, ಗಂಜಿತಿಳಿ, ಎಳನೀರು, ಓಆರ್‌ಎಸ್ ಕುಡಿಯಿರಿ, ನಾಳೆ ಮತ್ತೆ ರಕ್ತಪರೀಕ್ಷೆಗೆ ಬನ್ನಿ ಎನ್ನುತ್ತಾರೆ. ನಕ್ಷತ್ರ ಯಾರಿಗೆ ಸಿಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಡೆಂಗಿಯಲ್ಲಿ ರಕ್ತಸ್ರಾವದ ಭಯವಿರುವುದರಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮದ್ದುಗಳನ್ನು ಕೊಡಬಾರದು. ಡೆಂಗಿ ವೈರಸ್‌ನಿಂದ ಬರುವ ಜ್ವರ, ಆಂಟಿಬಯಾಟಿಕ್‌ಗೆ ಅಲ್ಲಿ ಕೆಲಸವೇ ಇಲ್ಲ. ಅಳತೆ ಮೀರಿ ಏರಿಸಿದ ಗ್ಲೂಕೋಸ್ ಮುಂದೆ ಶ್ವಾಸಕೋಶದ ಸುತ್ತ ನೀರು ತುಂಬಿಸಿ ಉಸಿರಾಟಕ್ಕೇ ಕುತ್ತು ತರಬಹುದು. ಇನ್ನೂ ಮುಖ್ಯವಾದದ್ದು, ಡೆಂಗಿಯ ಅಪಾಯದ ಗಳಿಗೆ ಬರುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೆ, ಮೂರರಿಂದ ಏಳನೆಯ ದಿನದೊಳಗೆ. ಆಗ ರಕ್ತನಾಳಗಳಿಂದ ದ್ರವ ಸೋರತೊಡಗುತ್ತದೆ, ರಕ್ತ ಗಟ್ಟಿಯಾಗುತ್ತದೆ, ರಕ್ತದೊತ್ತಡ ಕುಸಿಯಬಹುದು. ರೋಗಿಗೆ ಮಾತ್ರ ಜ್ವರ ಬಿಟ್ಟಿದೆ, ಮನೆಗೆ ಹೋಗೋಣ ಎನ್ನಿಸುತ್ತಿರುತ್ತದೆ. ಒಳ್ಳೆಯ ವೈದ್ಯರು ಆ ಹೊತ್ತಿನಲ್ಲೇ ಡಿಸ್ಚಾರ್ಜ್ ಕೊಡಲು ಒಪ್ಪುವುದಿಲ್ಲ. ಹೊಟ್ಟೆನೋವು ಇದೆಯೇ, ವಾಂತಿ ನಿಂತಿದೆಯೇ, ಮೂತ್ರ ಸರಿಯಾಗಿ ಹೋಗುತ್ತಿದೆಯೇ ಎಂದು ಗಂಟೆಗೊಮ್ಮೆ ಕೇಳುತ್ತಾರೆ. ಬಿಲ್ಲು ಏರಿಸಲು ಇಟ್ಟುಕೊಂಡಿದ್ದಾರೆ ಎಂದು ಮನೆಯವರು ಅಂದುಕೊಳ್ಳುವ ಆ ಒಂದೂವರೆ ದಿನವೇ ಜೀವ ಉಳಿಸಿದ ದಿನವಾಗಿರಬಹುದು.

ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳ ವಿಷಯವೂ ಹೀಗೆಯೇ. ಅಂಕಿ ಇಳಿಯುತ್ತಿದ್ದಂತೆ ಮನೆಯವರು ಕಂಗಾಲಾಗಿ, ಪ್ಲೇಟ್‌ಲೆಟ್ ಹಾಕಿ ಎಂದು ಒತ್ತಾಯಿಸುತ್ತಾರೆ. ರಕ್ತನಿಧಿಗಳ ಮುಂದೆ ದಾನಿಗಳಿಗಾಗಿ ಓಡಾಟ ಶುರುವಾಗುತ್ತದೆ. ಸಿಂಗಾಪುರ ಮತ್ತು ಮಲೇಷ್ಯಾದ ಆಸ್ಪತ್ರೆಗಳಲ್ಲಿ ನಡೆದು 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಪ್ಲೇಟ್‌ಲೆಟ್ 20 ಸಾವಿರ ಅಥವಾ ಅದಕ್ಕಿಂತ ಕೆಳಗಿಳಿದ 372 ಡೆಂಗಿ ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಮುಂಜಾಗ್ರತೆಗೆಂದು ಪ್ಲೇಟ್‌ಲೆಟ್ ಹಾಕಿದವರಲ್ಲಿ ರಕ್ತಸ್ರಾವ ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ಅಡ್ಡಪರಿಣಾಮಗಳು ಮಾತ್ರ ಹೆಚ್ಚಾದವು. ರಕ್ತಸ್ರಾವವಿಲ್ಲದ ರೋಗಿಗೆ ಪ್ಲೇಟ್‌ಲೆಟ್ ಹಾಕದೆ ಕಾದು ನೋಡಿದ ವೈದ್ಯರು ಸರಿಯಾದದ್ದನ್ನೇ ಮಾಡಿದ್ದಾರೆ. ಆದರೆ ಅವರು ಏನೂ ಮಾಡಲಿಲ್ಲ ಎಂಬುದೇ ಮನೆಯವರ ಕಣ್ಣಿಗೆ ಕಾಣುವುದು. ಮಾಡದೆ ಬಿಟ್ಟ ಒಳ್ಳೆಯ ಕೆಲಸಕ್ಕೆ ಸಾಕ್ಷಿ ಹೇಳುವವರು ಯಾರೂ ಇರುವುದಿಲ್ಲ. ತೃಪ್ತಿಯ ಅಂಕಗಳ ಅತಿ ದೊಡ್ಡ ಕುರುಡುತನ ಇದೇ ಎಂದು ನನ್ನ ನಂಬಿಕೆ.

ಇದು ಊಹೆಯ ಮಾತಲ್ಲ. ಅಮೆರಿಕದಲ್ಲಿ ಮೊಬೈಲ್ ಮತ್ತು ಕಂಪ್ಯೂಟರ್ ಮೂಲಕ ವೈದ್ಯರನ್ನು ಕಂಡ, ಶೀತ ಕೆಮ್ಮಿನಂಥ ತೊಂದರೆಗಳ 8,437 ಭೇಟಿಗಳನ್ನು 2018ರ ಅಧ್ಯಯನವೊಂದು ಪರಿಶೀಲಿಸಿತು. ಯಾವ ಮದ್ದನ್ನೂ ಬರೆಯದಿದ್ದಾಗ ಐದು ನಕ್ಷತ್ರ ಸಿಕ್ಕಿದ್ದು ಶೇ 72.5 ಭೇಟಿಗಳಿಗೆ, ಆಂಟಿಬಯಾಟಿಕ್ ಅಲ್ಲದ ಮದ್ದು ಬರೆದಾಗ ಶೇ 86ಕ್ಕೆ, ಆಂಟಿಬಯಾಟಿಕ್ ಬರೆದಾಗ ಶೇ 90.9ಕ್ಕೆ. ಶೀತಕ್ಕೆ ಸಾಮಾನ್ಯವಾಗಿ ಆಂಟಿಬಯಾಟಿಕ್ ಬೇಡ ಎಂಬುದು ವೈದ್ಯರಿಗೆ ಗೊತ್ತು. ನಕ್ಷತ್ರ ಎಲ್ಲಿದೆ ಎಂಬುದೂ ಗೊತ್ತು. ಇಂಗ್ಲೆಂಡಿನ ಸಾವಿರಾರು ಕುಟುಂಬ ವೈದ್ಯರ ಚಿಕಿತ್ಸಾಲಯಗಳನ್ನು ಹೋಲಿಸಿದ 2016ರ ಅಧ್ಯಯನದಲ್ಲೂ ಆಂಟಿಬಯಾಟಿಕ್ ಕಡಿಮೆ ಬರೆಯುವ ಕಡೆ ರೋಗಿಗಳ ತೃಪ್ತಿ ತುಸು ಕಡಿಮೆಯೇ ಇತ್ತು.

ಈ ವಾದವನ್ನು ತುದಿಗೆ ಒಯ್ದದ್ದು 2012ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಜೋಶುವಾ ಫೆಂಟನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. ಸುಮಾರು 52 ಸಾವಿರ ಅಮೆರಿಕನ್ನರ ಮಾಹಿತಿಯನ್ನು ಅವರು ನೋಡಿದರು. ತಮ್ಮ ವೈದ್ಯರ ಬಗ್ಗೆ ಅತಿ ಹೆಚ್ಚು ತೃಪ್ತಿ ಹೇಳಿದ ಕಾಲು ಭಾಗದ ಜನರು, ಅತಿ ಕಡಿಮೆ ತೃಪ್ತಿಯ ಕಾಲು ಭಾಗಕ್ಕಿಂತ ಔಷಧಕ್ಕೆ ಶೇ 9ರಷ್ಟು ಹೆಚ್ಚು ಖರ್ಚು ಮಾಡಿದ್ದರು, ಆಸ್ಪತ್ರೆಗೆ ಹೆಚ್ಚು ದಾಖಲಾಗಿದ್ದರು, ಮತ್ತು ಅವರಲ್ಲಿ ಸಾವಿನ ಪ್ರಮಾಣ ಶೇ 26ರಷ್ಟು ಹೆಚ್ಚಿತ್ತು. ತೃಪ್ತಿಯೇ ಜನರನ್ನು ಕೊಲ್ಲುತ್ತದೆ ಎಂಬ ಧಾಟಿಯಲ್ಲಿ ಇದನ್ನು ಉಲ್ಲೇಖಿಸುವವರಿದ್ದಾರೆ. ಅದು ಅವಸರದ ಓದು. ಇಂಥ ಅಧ್ಯಯನ ಎರಡು ಸಂಗತಿಗಳು ಜೊತೆಗಿವೆ ಎಂದು ತೋರಿಸುತ್ತದೆಯೇ ಹೊರತು ಒಂದರಿಂದ ಇನ್ನೊಂದು ಆಯಿತೆಂದು ತೋರಿಸುವುದಿಲ್ಲ. ದೀರ್ಘಕಾಲದ ಕಾಯಿಲೆಯವರು ತಮ್ಮ ವೈದ್ಯರನ್ನು ಹೆಚ್ಚು ಹಚ್ಚಿಕೊಂಡಿರಬಹುದು, ಅವರ ಸಾವಿನ ಸಾಧ್ಯತೆಯೂ ಹೆಚ್ಚೇ. ಸಂಶೋಧಕರು ಆರೋಗ್ಯ ಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರೂ ಅಂಥ ಲೆಕ್ಕ ಪೂರ್ತಿ ಆಗುವುದು ಕಷ್ಟ.

ಇಲ್ಲಿಗೇ ನಿಲ್ಲಿಸಿದರೆ, ರೋಗಿಗಳ ಮಾತಿಗೆ ಬೆಲೆ ಕೊಡಬೇಕಾಗಿಲ್ಲ ಎಂಬ ಸುಲಭದ ತೀರ್ಮಾನಕ್ಕೆ ಬಂದುಬಿಡಬಹುದು. ಎಷ್ಟೋ ವೈದ್ಯರು ಅಲ್ಲಿಗೇ ನಿಲ್ಲಿಸಿಯೂ ಬಿಡುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಇನ್ನೊಂದು ಕಡೆಯ ಪುರಾವೆಯೂ ಅಷ್ಟೇ ಗಟ್ಟಿಯಾಗಿದೆ.

2013ರಲ್ಲಿ ಬ್ರಿಟನ್ನಿನ ಸಂಶೋಧಕರು ಅಲ್ಲಿಯವರೆಗಿನ 55 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ರೋಗಿಗಳ ಅನುಭವ ಚೆನ್ನಾಗಿರುವ ಕಡೆ ಚಿಕಿತ್ಸೆಯ ಫಲಿತಾಂಶ ಮತ್ತು ಸುರಕ್ಷತೆ ಕೂಡ ಚೆನ್ನಾಗಿರುವುದೇ ಹೆಚ್ಚು ಎಂದು ಕಂಡುಬಂತು. ಅಮೆರಿಕದ ಆಸ್ಪತ್ರೆಗಳ ಬಗ್ಗೆ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೃದಯಾಘಾತ, ಹೃದಯ ವೈಫಲ್ಯ, ನ್ಯುಮೋನಿಯಾ ರೋಗಿಗಳು ಹೆಚ್ಚು ಅಂಕ ಕೊಟ್ಟ ಆಸ್ಪತ್ರೆಗಳಲ್ಲಿ, ಡಿಸ್ಚಾರ್ಜ್ ಆದ 30 ದಿನಗಳೊಳಗೆ ಮತ್ತೆ ದಾಖಲಾಗುವವರು ಕಡಿಮೆ ಇದ್ದರು. ಶಸ್ತ್ರಚಿಕಿತ್ಸೆಯ ಬಗ್ಗೆ 2015ರ ಅಧ್ಯಯನವೊಂದು ಇನ್ನೂ ಮುಂದೆ ಹೋಗಿ, ಹೆಚ್ಚು ತೃಪ್ತಿಯ ಆಸ್ಪತ್ರೆಗಳಲ್ಲಿ ಸಾವೂ ಕಡಿಮೆ ಎಂದಿತು.

ರೋಗಿಯ ಅಂಕಕ್ಕೆ ಕಾರಣವಾಗುವ ಒಂದು ಸಂಗತಿ, ಸರಿಯಾಗಿ ವಿವರಿಸಿ ಹೇಳುವುದು. ಅದಕ್ಕೂ ಹೃದಯಕ್ಕೂ ಏನು ಸಂಬಂಧ? ಹೃದಯ ವೈಫಲ್ಯದ ರೋಗಿಯನ್ನೇ ತೆಗೆದುಕೊಳ್ಳಿ. ಹೃದಯದ ಬಡಿತಕ್ಕೆ ಬಲ ಸಾಲದೆ ಮೈಯಲ್ಲಿ ನೀರು ನಿಲ್ಲುವ ತೊಂದರೆ ಅದು. ಆಸ್ಪತ್ರೆಯಲ್ಲಿ ನೀರು ಇಳಿಸಿ ಮನೆಗೆ ಕಳಿಸುತ್ತಾರೆ. ಕೈಯಲ್ಲಿ ಇಂಗ್ಲಿಷಿನ ಡಿಸ್ಚಾರ್ಜ್ ಸಮ್ಮರಿ. ಅದರಲ್ಲಿ ಉಪ್ಪು ಕಡಿಮೆ ಮಾಡಿ ಎಂದು ಒಂದು ಸಾಲು ಇರುತ್ತದೆ. ಮನೆಗೆ ಬಂದ ಅಜ್ಜಿ ಪಲ್ಯಕ್ಕೆ ಉಪ್ಪು ಕಡಿಮೆ ಹಾಕುತ್ತಾರೆ, ಆದರೆ ರಾತ್ರಿ ಕುಚ್ಚಲಕ್ಕಿ ಗಂಜಿಯ ಜೊತೆಗೆ ಎಂದಿನಂತೆ ಮಾವಿನ ಮಿಡಿ ಉಪ್ಪಿನಕಾಯಿಯೋ ಸುಟ್ಟ ಒಣಮೀನೋ ಇರಲೇಬೇಕು. ಅದೂ ಉಪ್ಪೇ ಎಂದು ಅವರಿಗೆ ಯಾರೂ ಹೇಳಿಲ್ಲ. ದಿನಾ ಬೆಳಿಗ್ಗೆ ತೂಕ ನೋಡಿ, ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಫೋನ್ ಮಾಡಿ ಎಂದೂ ಹೇಳಿಲ್ಲ. ಹದಿನೈದು ದಿನದಲ್ಲಿ ಕಾಲು ಬಾತು, ಉಸಿರು ಕಟ್ಟಿ, ಮತ್ತೆ ಅದೇ ಕ್ಯಾಶುವಾಲಿಟಿ. ಕೂತು ಹತ್ತು ನಿಮಿಷ ಮಾತನಾಡುವ ಸಿಸ್ಟರ್ ಇರುವ ವಾರ್ಡಿನಲ್ಲಿ ಇದು ತಪ್ಪುತ್ತದೆ. ಅಜ್ಜಿ ಆ ವಾರ್ಡಿಗೆ ಹೆಚ್ಚು ಅಂಕ ಕೊಡುತ್ತಾರೆ, ಮತ್ತು ಆ ಅಂಕ ನಿಜವನ್ನೇ ಹೇಳುತ್ತದೆ.

ದೂರುಗಳ ವಿಷಯ ಇನ್ನೂ ಕಣ್ಣು ತೆರೆಸುವಂಥದ್ದು. ಅಮೆರಿಕದ ಏಳು ಆಸ್ಪತ್ರೆಗಳ 800ಕ್ಕೂ ಹೆಚ್ಚು ಶಸ್ತ್ರಚಿಕಿತ್ಸಕರನ್ನು ಒಳಗೊಂಡ 2017ರ ಅಧ್ಯಯನದಲ್ಲಿ, ಹಿಂದಿನ ಎರಡು ವರ್ಷಗಳಲ್ಲಿ ರೋಗಿಗಳು ಮತ್ತು ಮನೆಯವರು ತಾವಾಗಿಯೇ ಯಾರ ಬಗ್ಗೆ ಅತಿ ಹೆಚ್ಚು ದೂರಿದ್ದರೋ ಅವರ ಶಸ್ತ್ರಚಿಕಿತ್ಸೆಗಳಲ್ಲಿ ತೊಡಕುಗಳು, ಅತಿ ಕಡಿಮೆ ದೂರು ಬಂದವರಿಗಿಂತ ಸುಮಾರು ಶೇ 14ರಷ್ಟು ಹೆಚ್ಚಾಗಿದ್ದವು. ಆ ದೂರುಗಳು ಕತ್ತರಿಸಿದ್ದು ಸರಿಯಿಲ್ಲ, ಹೊಲಿದದ್ದು ಸರಿಯಿಲ್ಲ ಎಂಬಂಥವೇ ಆಗಿರಬೇಕಿಲ್ಲ. ಗದರಿದರು, ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ ಎಂಬಂಥವೂ ಸೇರಿದ್ದವು. ರೋಗಿಯನ್ನು ಗದರುವವರು ಥಿಯೇಟರಿನೊಳಗೆ ಸಿಸ್ಟರನ್ನೂ ಅರಿವಳಿಕೆ ತಜ್ಞರನ್ನೂ ಗದರುತ್ತಿರಬಹುದು. ಗದರಿಸಿಕೊಂಡವರು, ಕಣ್ಣೆದುರು ಏನೋ ತಪ್ಪುತ್ತಿದೆ ಎಂದು ಕಂಡರೂ ಬಾಯಿ ಬಿಡಲು ಹಿಂಜರಿಯುತ್ತಾರೆ. ರೋಗಿ ಕಂಡದ್ದು ನಡವಳಿಕೆಯನ್ನು ಮಾತ್ರ, ಆದರೆ ಆ ನಡವಳಿಕೆಯ ಹಿಂದೆ ಇನ್ನೊಂದು ಅಪಾಯ ಅಡಗಿರಬಹುದು.

ಹಾಗಿದ್ದರೆ ಎರಡು ಬಗೆಯ ಅಧ್ಯಯನಗಳೂ ನಿಜವಾಗುವುದು ಹೇಗೆ? ಪ್ರಶ್ನೆಯನ್ನು ಹೇಗೆ ಕೇಳಿದರು ಎಂಬುದರಲ್ಲಿ ಉತ್ತರದ ದೊಡ್ಡ ಪಾಲು ಇದೆ. ಈ ವೈದ್ಯರಿಗೆ ಐದರಲ್ಲಿ ಎಷ್ಟು ಕೊಡುತ್ತೀರಿ ಎನ್ನುವುದು ತೀರ್ಪು ಕೇಳುವ ಪ್ರಶ್ನೆ. ನೀವು ಗಂಟೆ ಒತ್ತಿದಾಗ ಎಷ್ಟು ಬಾರಿ ಕೂಡಲೇ ಬಂದರು, ಹೊಸ ಮದ್ದು ಕೊಡುವಾಗ ಅದು ಯಾವುದಕ್ಕೆಂದು ಹೇಳಿದರೆ ಎನ್ನುವುದು ಸಾಕ್ಷ್ಯ ಕೇಳುವ ಪ್ರಶ್ನೆ. ಅಮೆರಿಕದ ಆಸ್ಪತ್ರೆಗಳ ರಾಷ್ಟ್ರೀಯ ಸಮೀಕ್ಷೆ ಬಹುಮಟ್ಟಿಗೆ ಎರಡನೆಯ ಬಗೆಯದು. ಯಾವಾಗಲೂ, ಹೆಚ್ಚಾಗಿ, ಕೆಲವೊಮ್ಮೆ, ಎಂದೂ ಇಲ್ಲ ಎಂಬ ನಾಲ್ಕರಲ್ಲಿ ಒಂದನ್ನು ಆರಿಸಬೇಕು. ಡಿಸ್ಚಾರ್ಜ್ ಆಗಿ ಎರಡು ದಿನವಾದರೂ ಕಳೆದ ಮೇಲೆಯೇ ಕೇಳುತ್ತಾರೆ. ಹೆರಿಗೆಗೆ ಬಂದವರು ಖುಷಿಯಿಂದ ಹೆಚ್ಚು ಅಂಕ ಕೊಡುವುದು, ವಯಸ್ಸಾದವರು ಉದಾರವಾಗಿರುವುದು ಇವನ್ನೆಲ್ಲ ಲೆಕ್ಕದಲ್ಲಿ ಸರಿಹೊಂದಿಸುತ್ತಾರೆ. 2008ರಿಂದ ಈ ಅಂಕಗಳು ಸಾರ್ವಜನಿಕವಾಗಿ ಲಭ್ಯವಿವೆ.

ಅಷ್ಟು ಎಚ್ಚರದ ಸಮೀಕ್ಷೆಯೂ ಒಮ್ಮೆ ಎಡವಿತು. 2012ರ ಅಕ್ಟೋಬರಿನಿಂದ ಆಸ್ಪತ್ರೆಗಳಿಗೆ ಸರ್ಕಾರ ಕೊಡುವ ಹಣದ ಸಣ್ಣ ಪಾಲನ್ನು ಈ ಅಂಕಗಳಿಗೂ ಜೋಡಿಸಿದರು. ನಿಮ್ಮ ನೋವು ಎಷ್ಟು ಚೆನ್ನಾಗಿ ಹತೋಟಿಯಲ್ಲಿತ್ತು ಎಂಬುದು ಅದರಲ್ಲಿದ್ದ ಒಂದು ಪ್ರಶ್ನೆ. ಅಫೀಮು ವರ್ಗದ ನೋವಿನ ಮಾತ್ರೆಗಳ ಚಟ ಆ ದೇಶವನ್ನು ಸುಡುತ್ತಿದ್ದ ಕಾಲ. ಅಂಕಕ್ಕಾಗಿ ಆ ಮಾತ್ರೆ ಬರೆಯುವ ಒತ್ತಡ ಬೀಳುತ್ತಿದೆ ಎಂದು ವೈದ್ಯರು ದೂರಿದರು. ಪ್ರಶ್ನೆಯಿಂದಲೇ ಮಾತ್ರೆ ಹೆಚ್ಚಿತೆ ಎಂಬುದು ವಿವಾದದಲ್ಲೇ ಉಳಿಯಿತು, ಆದರೆ ಸರ್ಕಾರ ಮೊದಲು ಹಣದ ಲೆಕ್ಕದಿಂದ, ಆಮೇಲೆ 2019ರಲ್ಲಿ ಸಮೀಕ್ಷೆಯಿಂದಲೇ ನೋವಿನ ಪ್ರಶ್ನೆಗಳನ್ನು ತೆಗೆಯಿತು. ಅಂಕಕ್ಕೆ ದುಡ್ಡು ಕಟ್ಟಿದ ಮೇಲೆ ಅಂಕದ ಸ್ವಭಾವವೇ ಬದಲಾಗುತ್ತದೆ ಎಂಬುದನ್ನು ನಮ್ಮಲ್ಲಿ ಸಿಬ್ಬಂದಿಯ ಬೋನಸ್ಸನ್ನು ನಕ್ಷತ್ರಕ್ಕೆ ಜೋಡಿಸಲು ಯೋಚಿಸುವ ಆಡಳಿತ ಮಂಡಳಿಗಳು ಗಮನಿಸಬೇಕು.

ನಮ್ಮ ಕಡೆಯ ಅಂಕಗಳು ಹುಟ್ಟುವ ಜಾಗವನ್ನೂ ನೋಡಬೇಕು. ಎಷ್ಟೋ ಕಡೆ ಅಭಿಪ್ರಾಯದ ಹಾಳೆಯನ್ನು ತುಂಬಿಸುವುದು ಡಿಸ್ಚಾರ್ಜ್ ಹೊತ್ತಿನಲ್ಲಿ, ಅದೇ ವಾರ್ಡಿನ ಸಿಬ್ಬಂದಿ ಎದುರು ನಿಂತಿರುವಾಗ. ಮೂರು ದಿನ ಬೆನ್ನು ಒರೆಸಿದ ಸಿಸ್ಟರ್ ಮುಂದೆ ಯಾರು ತಾನೇ ಕಡಿಮೆ ಅಂಕ ಹಾಕುತ್ತಾರೆ? ಹಾಳೆ ತುಂಬುವವರು ಹೆಚ್ಚಾಗಿ ಮಗನೋ ಅಳಿಯನೋ. ರಾತ್ರಿ ಎರಡು ಗಂಟೆಗೆ ನೀರು ಕೇಳಿ ಸಿಗದಿದ್ದದ್ದು ಹಾಸಿಗೆಯಲ್ಲಿದ್ದ ತಾಯಿಗೆ ಮಾತ್ರ ಗೊತ್ತು.

ಇದಕ್ಕೆ ಭಾಷೆಯೂ ಸೇರಿಕೊಳ್ಳುತ್ತದೆ. ತುಳು, ಕೊಂಕಣಿ, ಬ್ಯಾರಿ, ಮಲಯಾಳ ಮನೆಮಾತಾಗಿರುವ ಹಿರಿಯರು ಹಾಸಿಗೆಯಲ್ಲಿ, ದೇಶದ ಬೇರೆ ಮೂಲೆಯಿಂದ ಓದಲು ಬಂದ ಕಿರಿಯ ವೈದ್ಯರು ಪಕ್ಕದಲ್ಲಿ, ನಡುವೆ ದುಭಾಷಿಯಾಗಿ ಸಿಸ್ಟರ್. ನೋವು ಎಲ್ಲಿ, ಹೇಗೆ, ಯಾವಾಗಿನಿಂದ ಎಂಬುದನ್ನು ತಮ್ಮ ಮಾತಿನಲ್ಲಿ ಹೇಳಿಕೊಳ್ಳಲು ಸಿಕ್ಕ ರೋಗಿ ಹೆಚ್ಚು ಅಂಕ ಕೊಡುತ್ತಾರೆ. ಇದನ್ನು ಪಕ್ಷಪಾತ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ರೋಗಪತ್ತೆ ಬಹುಪಾಲು ರೋಗಿಯ ಮಾತಿನಿಂದಲೇ ಆಗುವ ಕೆಲಸ. ಮಾತು ತಲುಪದ ಕಡೆ ಚಿಕಿತ್ಸೆಯ ಗುಣಮಟ್ಟವೇ ಕುಂದಿರುತ್ತದೆ.

ಕೊನೆಯ ಗಳಿಗೆಯ ತೂಕ ಬೇರೆಯೇ. ಡೊನಾಲ್ಡ್ ರೆಡಲ್ಮಯರ್, ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 682 ಜನರಿಗೆ ದೊಡ್ಡ ಕರುಳಿನ ಕೊಳವೆ ಪರೀಕ್ಷೆ (ಕೊಲೊನೋಸ್ಕೋಪಿ) ಮಾಡಿದರು. ಅರ್ಧ ಜನರಿಗೆ ಪರೀಕ್ಷೆ ಮುಗಿದ ಮೇಲೂ ಕೊಳವೆಯ ತುದಿಯನ್ನು ಅಲುಗಿಸದೆ ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟರು. ಒಟ್ಟು ಕಷ್ಟದ ಹೊತ್ತು ಹೆಚ್ಚಾಯಿತು, ಆದರೆ ಕೊನೆಯ ನಿಮಿಷಗಳಲ್ಲಿ ನೋವು ಕಡಿಮೆ ಇದ್ದದ್ದರಿಂದ ಒಟ್ಟು ಪರೀಕ್ಷೆಯೇ ಅಷ್ಟು ಕಷ್ಟವಾಗಿರಲಿಲ್ಲ ಎಂದು ಅವರಿಗೆ ನೆನಪುಳಿಯಿತು. ನಮ್ಮ ಆಸ್ಪತ್ರೆಗಳಲ್ಲಿ ಕೊನೆಯ ಗಳಿಗೆ ಎಂದರೆ ಬಿಲ್ಲಿಂಗ್ ಕೌಂಟರ್. ವೈದ್ಯರು ಬೆಳಿಗ್ಗೆ ಒಂಬತ್ತಕ್ಕೆ ಮನೆಗೆ ಹೋಗಬಹುದು ಎಂದಿರುತ್ತಾರೆ, ವಿಮೆ ಕಂಪನಿಯ ಒಪ್ಪಿಗೆ ಸಂಜೆಯಾದರೂ ಬಂದಿರುವುದಿಲ್ಲ. ಡಿಸ್ಚಾರ್ಜ್ ಒಪ್ಪಿಗೆಯನ್ನು ಮೂರು ಗಂಟೆಯೊಳಗೆ ಕೊಡಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಕಂಪನಿಗಳಿಗೆ ಸೂಚಿಸಿದೆ. ಹಾಗಿದ್ದೂ ಆ ಕಾಯುವಿಕೆಯ ಸಿಟ್ಟು ವಿಮೆ ಕಂಪನಿಗೆ ತಟ್ಟುವುದಿಲ್ಲ. ಜೀವ ಉಳಿಸಿದ ವೈದ್ಯರ ಹೆಸರಿನ ಕೆಳಗೆ ಒಂದು ನಕ್ಷತ್ರವಾಗಿ ಬೀಳುತ್ತದೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ತುದಿ, ಅಂದರೆ ಕಳಪೆ ಚಿಕಿತ್ಸೆಗೂ ಸಿಗುವ ತೃಪ್ತಿ. ಭಾರತವೂ ಸೇರಿ ಹನ್ನೆರಡು ದೇಶಗಳ ಸುಮಾರು 18 ಸಾವಿರ ಜನರಿಗೆ ಸಂಶೋಧಕರು ಸಣ್ಣ ಸನ್ನಿವೇಶಗಳನ್ನು ಓದಿಸಿ ಅಭಿಪ್ರಾಯ ಕೇಳಿದ್ದರು. 2019ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ಸ್ಪಷ್ಟವಾಗಿ ಕಳಪೆಯಾಗಿದ್ದ ಚಿಕಿತ್ಸೆಯನ್ನೂ ಅರ್ಧಕ್ಕಿಂತ ಹೆಚ್ಚು ಮಂದಿ ಚೆನ್ನಾಗಿದೆ ಅಥವಾ ಅದಕ್ಕಿಂತ ಮೇಲು ಎಂದರು. ಕಡಿಮೆ ಸಿಕ್ಕಿ ಅಭ್ಯಾಸವಾದವರು ಕಡಿಮೆಗೇ ಕೈಮುಗಿಯುತ್ತಾರೆ. ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಾಲ್ಕು ಗಂಟೆ ನಿಂತು ಎರಡು ನಿಮಿಷ ವೈದ್ಯರ ಮುಖ ಕಂಡವರು ಒಳ್ಳೆಯದಾಯಿತು ಎಂದು ಹೇಳಿ ಹೋದರೆ, ಆ ಮಾತು ಆಸ್ಪತ್ರೆಗೆ ಸಂದ ಮೆಚ್ಚುಗೆಯಲ್ಲ. ಆ ವ್ಯಕ್ತಿ ಬದುಕಿನಿಂದ ಎಷ್ಟು ಕಡಿಮೆ ನಿರೀಕ್ಷಿಸಲು ಕಲಿತಿದ್ದಾರೆ ಎಂಬುದರ ಅಳತೆ. ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ ಮೇರಾ ಆಸ್ಪತಾಲ್ ವ್ಯವಸ್ಥೆ ಮೊಬೈಲ್ ಸಂದೇಶದ ಮೂಲಕ ರೋಗಿಗಳ ಅಭಿಪ್ರಾಯ ಕೇಳುತ್ತದೆ. ಒಳ್ಳೆಯ ಹೆಜ್ಜೆ. ಅದರ ಅಂಕಿಗಳನ್ನು ಓದುವಾಗ ಈ ಕಹಿಯನ್ನೂ ಬೆರೆಸಿ ಓದಬೇಕಾಗುತ್ತದೆ.

ಹಾಗೆಂದು ರೋಗಿಯನ್ನು ಗ್ರಾಹಕನಂತೆ ಓಲೈಸಿದರೆ ಎಲ್ಲ ಸರಿಹೋಗುತ್ತದೆಯೆ? ಜಿಷ್ಣು ದಾಸ್, ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಗ್ರಾಮೀಣ ಮಧ್ಯಪ್ರದೇಶದಲ್ಲಿ, ರೋಗಿಗಳಂತೆ ನಟಿಸಲು ತರಬೇತಿ ಪಡೆದವರನ್ನು ವೈದ್ಯರ ಬಳಿಗೆ ಕಳಿಸಿ ನೋಡಿದರು. ಅದೇ ವೈದ್ಯರು ಸರ್ಕಾರಿ ಕೇಂದ್ರದಲ್ಲಿ ತೋರದ ಶ್ರದ್ಧೆಯನ್ನು ತಮ್ಮ ಖಾಸಗಿ ಚಿಕಿತ್ಸಾಲಯದಲ್ಲಿ ತೋರಿದರು, ಹೆಚ್ಚು ಪ್ರಶ್ನೆ ಕೇಳಿದರು, ಸರಿಯಾದ ಚಿಕಿತ್ಸೆಯನ್ನೂ ಹೆಚ್ಚಾಗಿ ಕೊಟ್ಟರು. ಅನಗತ್ಯ ಮದ್ದುಗಳು ಮಾತ್ರ ಎರಡೂ ಕಡೆ ಧಾರಾಳವಾಗಿದ್ದವು. ರೋಗಿಯ ಮೆಚ್ಚುಗೆಯ ಆಸೆ ವೈದ್ಯರನ್ನು ಹೆಚ್ಚು ದುಡಿಸಬಲ್ಲದು, ಬೇಡದ್ದನ್ನು ಬರೆಯದಂತೆ ತಡೆಯಲಾರದು. ಸಿಸೇರಿಯನ್ ಹೆರಿಗೆಯನ್ನೂ ಈ ಬೆಳಕಿನಲ್ಲಿ ನೋಡಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ 47.4 ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 14.3. ಮಗು ಗಟ್ಟಿಮುಟ್ಟಾಗಿ ಕೈಗೆ ಬಂದ ಮೇಲೆ ಐದು ನಕ್ಷತ್ರ ಖಂಡಿತ. ಆ ಶಸ್ತ್ರಚಿಕಿತ್ಸೆ ಬೇಕಿತ್ತೇ ಎಂದು ಹೇಳಲು ತಾಯಿಗಾಗಲಿ ಅಜ್ಜಿಗಾಗಲಿ ದಾರಿಯಿಲ್ಲ.

ಅದಕ್ಕೆ ಬೇರೆ ಅಳತೆಗೋಲುಗಳು ಬೇಕು. ಹೃದಯಾಘಾತದ ರೋಗಿ ಬಾಗಿಲಿಗೆ ಬಂದ ಎಷ್ಟು ನಿಮಿಷದಲ್ಲಿ ರಕ್ತನಾಳ ತೆರೆದರು, ಶಸ್ತ್ರಚಿಕಿತ್ಸೆಯ ಗಾಯಕ್ಕೆ ಎಷ್ಟು ಜನರಲ್ಲಿ ಸೋಂಕು ತಗುಲಿತು, ತಿಂಗಳೊಳಗೆ ಎಷ್ಟು ಮಂದಿ ಮರಳಿ ದಾಖಲಾದರು ಎಂಬ ಲೆಕ್ಕಗಳು ಒಳ್ಳೆಯ ಆಸ್ಪತ್ರೆಗಳ ಕಡತಗಳಲ್ಲಿ ಇರುತ್ತವೆ. ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಚ್‌ನ ಮಾನ್ಯತೆ ಪಡೆಯಬೇಕಾದರೆ ಇಂಥ ಹಲವನ್ನು ಅಳೆಯಲೇಬೇಕು. ಅವನ್ನು ಜನರ ಮುಂದಿಡುವ ರೂಢಿ ನಮ್ಮಲ್ಲಿ ಬೆಳೆದಿಲ್ಲ. ಇಷ್ಟೊಂದು ವೈದ್ಯಕೀಯ ಕಾಲೇಜುಗಳಿರುವ, ಪ್ರಬಂಧಗಳ ಮೇಲೆ ಪ್ರಬಂಧ ಬರೆಯುವ ಕರಾವಳಿಯಲ್ಲಿ ಯಾವುದಾದರೂ ಒಂದು ಆಸ್ಪತ್ರೆ ಇದನ್ನು ಮೊದಲು ಮಾಡಿ ತೋರಿಸಬೇಕು. ತನ್ನ ಸೋಂಕಿನ ಪ್ರಮಾಣವನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದ ಆಸ್ಪತ್ರೆಯನ್ನು ನಾನು 4.9ಕ್ಕಿಂತ ಹೆಚ್ಚು ನಂಬುತ್ತೇನೆ.

ಅಲ್ಲಿಯವರೆಗೆ ನಕ್ಷತ್ರಗಳನ್ನು ನೋಡದೆ ವಿಧಿಯಿಲ್ಲ, ಆದ್ದರಿಂದ ನೋಡುವ ಬಗೆಯನ್ನು ಬದಲಿಸಿಕೊಳ್ಳಬೇಕು. ಹನ್ನೆರಡು ಜನ ಕೊಟ್ಟ 5ಕ್ಕಿಂತ ಸಾವಿರ ಜನ ಕೊಟ್ಟ 4.3 ಹೆಚ್ಚು ಹೇಳುತ್ತದೆ. ಬರೆಯಲು ಕೂರುವವರು ಹೆಚ್ಚಾಗಿ ತುಂಬ ಖುಷಿಯಾದವರು ಅಥವಾ ತುಂಬ ನೊಂದವರು. ನಡುವಿನವರು ಬರೆಯುವುದಿಲ್ಲ, ಬದುಕುಳಿಯದವರು ಬರೆಯಲಾರರು. ಆದ್ದರಿಂದ ಅಂಕಿ ಬಿಟ್ಟು ಬರಹ ಓದಬೇಕು. ಪಾರ್ಕಿಂಗ್, ಕ್ಯಾಂಟೀನ್, ಲಿಫ್ಟ್ ಬಗ್ಗೆ ಇರುವುದನ್ನು ದಾಟಿಹೋಗಿ, ಒಂದೇ ಮಾತು ಬೇರೆ ಬೇರೆ ಜನರಿಂದ ಬೇರೆ ಬೇರೆ ತಿಂಗಳುಗಳಲ್ಲಿ ಬಂದಿದೆಯೇ ಎಂದು ಹುಡುಕಬೇಕು. ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ, ರಾತ್ರಿ ಪಾಳಿಯಲ್ಲಿ ಯಾರೂ ಸಿಗುವುದಿಲ್ಲ, ಹೇಳಿದ ಮೊತ್ತಕ್ಕೂ ಬಿಲ್ಲಿಗೂ ತಾಳೆಯಿಲ್ಲ ಎಂಬುದು ಮತ್ತೆ ಮತ್ತೆ ಬಂದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಮದ್ದೇ ಬರೆಯಲಿಲ್ಲ, ಇಂಜೆಕ್ಷನ್ ಕೊಡಲಿಲ್ಲ, ಸ್ಕ್ಯಾನಿಂಗ್ ಬೇಡ ಎಂದರು ಎಂದು ಯಾರಾದರೂ ಒಂದೇ ನಕ್ಷತ್ರ ಹಾಕಿದ್ದರೆ, ಆ ವೈದ್ಯರ ಹೆಸರನ್ನು ಬರೆದಿಟ್ಟುಕೊಳ್ಳಿ.

ನೀವು ಬರೆಯುವ ಸರದಿ ಬಂದಾಗ ಮನೆಗೆ ಹೋಗಿ ಒಂದು ವಾರ ಕಳೆದ ಮೇಲೆ, ಸಾಧ್ಯವಾದರೆ ಹಾಸಿಗೆಯಲ್ಲಿದ್ದವರನ್ನೇ ಪಕ್ಕಕ್ಕೆ ಕೂರಿಸಿಕೊಂಡು ಬರೆಯಿರಿ. ಯಾವ ವಿಭಾಗ, ಯಾವ ತಿಂಗಳು, ಯಾವ ತೊಂದರೆಗೆ ಹೋಗಿದ್ದು, ಏನಾಗಿದೆ ಎಂದು ಯಾರು ವಿವರಿಸಿದರು, ಯಾವ ಭಾಷೆಯಲ್ಲಿ, ಮೊದಲು ಎಷ್ಟು ಖರ್ಚು ಹೇಳಿದರು, ಕೊನೆಗೆ ಎಷ್ಟಾಯಿತು, ಮನೆಗೆ ಬಂದ ಮೇಲೆ ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು ಎಂದು ಹೇಳಿದರೋ ಇಲ್ಲವೋ ಎಂಬುದನ್ನು ಬರೆದರೆ ಸಾಕು. ನಿಜವಾದ ಅನ್ಯಾಯವಾಗಿದ್ದರೆ ನಕ್ಷತ್ರ ಕಡಿಮೆ ಹಾಕಿ ಸುಮ್ಮನಾಗಬೇಡಿ. ಖಾಸಗಿ ಆಸ್ಪತ್ರೆಗಳ ಮೇಲಿನ ದೂರನ್ನು ಕೇಳಲು ಕರ್ನಾಟಕದ ಕಾನೂನಿನಲ್ಲಿ ಜಿಲ್ಲಾಧಿಕಾರಿಗಳ ನೇತೃತ್ವದ ಜಿಲ್ಲಾ ಪ್ರಾಧಿಕಾರವಿದೆ. ಆಸ್ಪತ್ರೆಯಿಂದ ನಿಮ್ಮ ದಾಖಲೆಗಳ ಪ್ರತಿ ಪಡೆಯುವುದು ನಿಮ್ಮ ಹಕ್ಕು. ಮೊದಲು ಅದನ್ನು ಪಡೆದುಕೊಂಡು, ನಡೆದದ್ದನ್ನು ದಿನಾಂಕದ ಕ್ರಮದಲ್ಲಿ ಬರೆದು ಅಲ್ಲಿಗೆ ಕೊಡಿ.